ಗೋಡೆಯಾಚೆ ಮೂರು ಹೆಜ್ಜೆ

ನಾರಿನ್
ಅಕ್ಟೋಬರ್ 16, 2023

ಬುರುಲ್ಚಾ,

ಈ ಕಾಗದ ನಾನಾಗಿ ಬರೆಯುತ್ತಿಲ್ಲ, ಬರೆಸುತ್ತಿದ್ದಾರೆ. ಅದನ್ನು ಮೊದಲೇ ತಿಳಿದುಕೋ. ಐದನೇ ತರಗತಿಗೇ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದವನನ್ನು ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮೇಜಿನ ಮುಂದೆ ಕೂರಿಸಿ, ಕೈಗೆ ಪೆನ್ನು ಕೊಟ್ಟು, "ಬರೀರಿ ತಾತ, ನಿಮ್ಮ ಕೈಯಾರೆ ಬರೀಬೇಕು" ಅಂದಿದ್ದಾಳೆ ಇಲ್ಲಿನ ಗ್ರಂಥಾಲಯದ ಹುಡುಗಿ ನುರ್ಜಾತ್. ಫೋನಿನಲ್ಲಿ ಹೇಳಿಬಿಡುತ್ತೇನೆ ಅಂದೆ. "ನಿಮ್ಮ ಮಗಳು ನಿಮ್ಮ ಫೋನು ಎತ್ತುತ್ತಾರಾ?" ಅಂತ ಕೇಳಿದಳು. ಅದಕ್ಕೇ ಈ ಕಾಗದ. ಬೆರಳು ಈಗಾಗಲೇ ನೋಯುತ್ತಿದೆ.

ನೀನು ಹೇಗಿದ್ದೀಯ ಅಂತ ಕೇಳುವುದಿಲ್ಲ. ನಿಮ್ಮಮ್ಮನ ಮಣ್ಣಿಗೆ ಬಂದಾಗ, "ಕೇಳಬೇಡಿ, ನಿಮಗೆ ಆ ಹಕ್ಕಿಲ್ಲ" ಅಂತ ನೀನೇ ಎಲ್ಲರೆದುರು ಹೇಳಿದ್ದೆ. ನನಗೆ ಮರೆವು ಇನ್ನೂ ಬಂದಿಲ್ಲ.

ನಾನು ಗ್ರಂಥಾಲಯಕ್ಕೆ ಹೋದದ್ದು ಓದಿನ ಹುಚ್ಚಿನಿಂದಲ್ಲ. ನಿನ್ನ ತಮ್ಮನ ಮನೆ ಇಲ್ಲಿ ನಾಲ್ಕನೇ ಮಹಡಿಯಲ್ಲಿದೆ. ಸೊಸೆ ಶನಿವಾರ ಮನೆ ತೊಳೆಯುತ್ತಾಳೆ. ಜಮಖಾನೆ ಕೊಡವುವಾಗ ಅದರ ಜೊತೆ ನನ್ನನ್ನೂ ಹೊರಗೆ ಕೊಡವುತ್ತಾಳೆ. "ಮಾವಾ, ಎಲ್ಲಿಗಾದ್ರೂ ಹೋಗ್ಬನ್ನಿ" ಅನ್ನುತ್ತಾಳೆ. ಹೋದ ಜನವರಿಯಲ್ಲಿ ಉಗುಳಿದರೆ ಉಗುಳು ನೆಲ ಮುಟ್ಟುವ ಮೊದಲೇ ಕಲ್ಲಾಗುವ ಚಳಿ. ವಿಶ್ವವಿದ್ಯಾಲಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಊರಿನ ಹಿರಿಯರಿಗೆ ಗ್ರಂಥಾಲಯದಲ್ಲಿ ಶನಿವಾರದ ಪಾಠ, ಶುಲ್ಕವಿಲ್ಲ, ಚಹಾ ಉಂಟು. ಒಳಗೆ ಬಿಸಿನೀರಿನ ಕೊಳವೆ ಇರುತ್ತದೆ ಅಂತ ಹೋದೆ. ಇತ್ತು.

ನಾವು ಎಂಟು ಮುದುಕ ಮುದುಕಿಯರು. ಪತ್ರಿಕೆಯಲ್ಲಿ, ಫೋನಿನಲ್ಲಿ ಬರುವ ಸುದ್ದಿಯಲ್ಲಿ ಯಾವುದು ದಿಟ, ಯಾವುದು ಸಟೆ ಅಂತ ಕಂಡುಹಿಡಿಯುವುದನ್ನು ನುರ್ಜಾತ್ ಕಲಿಸುತ್ತಾಳೆ. ನಮ್ಮಲ್ಲೊಬ್ಬಳು ಫೋನಿಗೆ ಬಂದ ಮಾತು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು, ಒಂದು ತಿಂಗಳು ಕರಡಿ ಕೊಬ್ಬು ಕುಡಿದು ಆಸ್ಪತ್ರೆ ಸೇರಿದವಳು. ಯಾವ ಮಾತು ಬಂದರೂ ಹುಡುಗಿ ಅದೇ ಕೇಳುತ್ತಾಳೆ: ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು, ಹೇಳಿದ್ದರಿಂದ ಅವರಿಗೇನು ಲಾಭ, ಬೇರೆ ಯಾರಾದರೂ ಅದನ್ನೇ ಹೇಳಿದ್ದಾರಾ? ಇಷ್ಟೆಲ್ಲ ಕೇಳುತ್ತಾ ಕೂತರೆ ಕುರಿ ಕಾಯುವವರು ಯಾರಮ್ಮಾ ಅಂತ ನಾನು ಕೇಳಿದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಪ್ರಶ್ನೆ ಬಿಡಲಿಲ್ಲ.

ಬೈಸಾಲ್ ಕೂಡ ಬರುತ್ತಾನೆ. ಹೌದು, ಅದೇ ಬೈಸಾಲ್, ತೊಲೊನ್‌ನ ಅಪ್ಪ. ಇಪ್ಪತ್ತೇಳು ವರ್ಷ ಮಾತು ಬಿಟ್ಟ ನಾವಿಬ್ಬರು ಒಂದೇ ಬೆಂಚಿನಲ್ಲಿ ಕೂರುತ್ತೇವೆ, ಯಾಕೆಂದರೆ ಬಿಸಿ ಕೊಳವೆಯ ಪಕ್ಕ ಇರುವುದು ಒಂದೇ ಬೆಂಚು. ಮೊದಲ ದಿನ ನಾನು ಹುಡುಗಿಯ ಕಡೆ ತಿರುಗಿ, "ಇವನಿನ್ನೂ ಸತ್ತಿಲ್ವಾ?" ಅಂದೆ. ಅವನೂ ಅವಳ ಕಡೆಯೇ ತಿರುಗಿ, "ಅವನ ಮಣ್ಣಿಗೆ ಹೋಗಿ ಬಂದು ಆಮೇಲೆ ಸಾಯ್ತೀನಿ ಅಂತ ಹೇಳಮ್ಮಾ" ಅಂದ. ತಿಂಗಳುಗಟ್ಟಲೆ ಅಷ್ಟೇ ಮಾತು. ಬೈಸಾಲ್ ಸಕ್ಕರೆ ನನ್ನ ಕಡೆ ತಳ್ಳುತ್ತಿದ್ದ, ನಾನು ರೊಟ್ಟಿ ಅವನ ಕಡೆ ತಳ್ಳುತ್ತಿದ್ದೆ. ಹಲ್ಲಿಲ್ಲದವನು, ಚಹಾದಲ್ಲಿ ನೆನೆಸಿ ತಿನ್ನುತ್ತಿದ್ದ.

ಮೇ ತಿಂಗಳಲ್ಲಿ ಹುಡುಗಿ ಒಂದು ಕೆಲಸ ಕೊಟ್ಟಳು. ಒಬ್ಬೊಬ್ಬರೂ ಒಂದೊಂದು ಮಾತು ತರಬೇಕು, ತಲೆ ಹೋದರೂ ಸುಳ್ಳಲ್ಲ ಅಂತ ಆಣೆ ಇಡುವಂಥ ಮಾತು. ಅದನ್ನು ಪುಸ್ತಕ, ಕಾಗದಗಳಲ್ಲಿ ಹುಡುಕಿ ಪರೀಕ್ಷಿಸಬೇಕು. ಕೊನೆಗೆ ಬರೆದದ್ದನ್ನು ಹೊಲಿದು, ಹೆಸರು ಹಾಕಿ, ಗ್ರಂಥಾಲಯದ ಕಪಾಟಿನಲ್ಲಿ ಇಡುತ್ತಾರಂತೆ. ನಾನು ನನ್ನ ಏಳು ತಂದೆಯರನ್ನು, ಅಪ್ಪನಿಂದ ಮೇಲಕ್ಕೆ ಏಳು ತಲೆಯ ಹೆಸರುಗಳನ್ನು, ತಂದೆ. ಬೇಕೆಂದೇ ತಂದೆ. ಪೇಟೆಯಲ್ಲಿ ಹುಟ್ಟಿದ ಹುಡುಗಿಯ ಸೊಕ್ಕು ಇಳಿಸೋಣ ಅಂತ.

"ನಿನ್ನ ಏಳು ತಂದೆ ಹೇಳು ನೋಡೋಣ," ಅಂದೆ. ನಾಲ್ಕು ಹೇಳಿ ನಿಂತಳು. "ನಾಲ್ಕು ಬಲ್ಲವಳು ನನಗೆ ಪಾಠ ಹೇಳ್ತೀಯಾ?" ಅಂದೆ. ಅವಳಿಗೆ ಸಿಟ್ಟು ಬರಲಿಲ್ಲ. "ನೀವು ಹೇಳಿ ತಾತ," ಅಂದಳು. ನನ್ನಪ್ಪ ಕೆರಿಮ್‌ನಿಂದ ಹಿಡಿದು ಇಪ್ಪತ್ತೆರಡು ತಲೆ ಒಂದೇ ಉಸಿರಿಗೆ ಹೇಳಿದೆ. ಚಪ್ಪಾಳೆ ಬಿತ್ತು. ಬೈಸಾಲ್ ತಟ್ಟಲಿಲ್ಲ.

ಚಪ್ಪಾಳೆ ನಿಂತ ಮೇಲೆ ಅವಳು ಕೇಳಿದಳು, "ಇದು ನಿಮಗೆ ಯಾರು ಹೇಳಿದ್ದು ತಾತ?"

"ನಮ್ಮಪ್ಪ."

"ಅವರಿಗೆ?"

"ಅವರಪ್ಪ."

"ಬೇರೆ ಯಾರಾದ್ರೂ ಬರೆದಿಟ್ಟಿದಾರಾ?"

"ನಾವೇನು ಕಳ್ಳರಾ, ನಮ್ಮ ಹೆಸರು ಬೇರೆಯವರು ಬರೆದಿಡೋಕೆ?" ಅಂದೆ.

ಬರೆದಿಟ್ಟಿದ್ದರು.

ಅದನ್ನು ಹೇಳುವ ಮೊದಲು ಹಳೆಯದನ್ನು ಬರೆಯಬೇಕು. ನಿನಗೆ ಗೊತ್ತಿರುವುದೇ. ಆದರೆ ಮೊದಲಿನಿಂದ ಬರೆಯಬೇಕಂತೆ, ನಡುವಿನಿಂದ ಶುರು ಮಾಡಿದರೆ ಸುಳ್ಳು ನುಸುಳಲು ಜಾಗ ಸಿಗುತ್ತದಂತೆ. ಹುಡುಗಿಯ ಮಾತು.

ತೊಂಬತ್ತಾರನೇ ಇಸವಿ ಮೇ ತಿಂಗಳಲ್ಲಿ ಬೈಸಾಲ್ ನಿನ್ನನ್ನು ತೊಲೊನ್‌ಗೆ ನಿಶ್ಚಯಿಸಿ ಕಿವಿಗೆ ಓಲೆ ತೊಡಿಸಲು ಬಂದ. ಕುರಿ ಕಡಿದಿದ್ದೆವು. ಜಮಖಾನೆಯ ಮೇಲೆ ಮೂವತ್ತು ಜನ. ನೀನು ಪರದೆಯ ಹಿಂದೆ ಇದ್ದೆ, ನಿನ್ನ ನಗು ನನಗೆ ಕೇಳುತ್ತಿತ್ತು. ಆಗ ನಾನು ಹೇಳಿದೆ: ನಮ್ಮ ಕಡೆ ಐದನೆಯ ಅಜ್ಜ ಚೊರ್ಮೊ. ಅವರ ಕಡೆ ಐದನೆಯ ಅಜ್ಜ ಕಲ್ಮಿರ್ಜಾ. ಇಬ್ಬರೂ ಬೊತೊಕಾನ್‌ನ ಮಕ್ಕಳು. ಆರನೇ ತಲೆಯಲ್ಲಿ ರಕ್ತ ಒಂದೇ. ಏಳು ತಲೆ ದಾಟದೆ ಮದುವೆಯಿಲ್ಲ. "ಬೈಸಾಲ್, ಓಲೆ ಜೇಬಿಗಿಟ್ಕೋ. ನಿನ್ನ ಮಗ ನನ್ನ ಮಗಳಿಗೆ ಅಣ್ಣನಾಗಬೇಕು," ಅಂದೆ. ಕೋಕ್-ಜಾರ್ ಹಳ್ಳಿಯಲ್ಲಿ ವಂಶ ಹೇಳುವವನು ನಾನೊಬ್ಬನೇ. ನನ್ನ ಮಾತಿಗೆ ಎದುರಿಲ್ಲ. ಬೈಸಾಲ್ ಬಾಯಿ ತೆರೆದ. ಮತ್ತೆ ಮುಚ್ಚಿದ. ಓಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎದ್ದು ಹೋದ. ಅವನು ಬಾಯಿ ತೆರೆದು ಮುಚ್ಚಿದ್ದನ್ನು ಅಂದೇ ಗಮನಿಸಿದ್ದೆ. ಹೇಡಿ ಅಂದುಕೊಂಡೆ.

ಒಂದು ವಾರಕ್ಕೆ ನೀನು ತೊಲೊನ್‌ನ ಮನೆ ಸೇರಿದೆ. ನಿಕಾ ಓದಲು ಮುಲ್ಲಾ ಒಪ್ಪಲಿಲ್ಲ, ಓದಬೇಡ ಅಂತ ನಾನು ಹೇಳಿದ್ದೆ. ಫೆಬ್ರವರಿಯಲ್ಲಿ ಮಗು ಹುಟ್ಟಿತು. ನಲವತ್ತನೇ ದಿನದ ಸ್ನಾನಕ್ಕೆ ನಲವತ್ತು ಮನೆಯ ಬಟ್ಟೆಯ ತುಂಡು ಬೇಡಿ ಅಂಗಿ ಹೊಲಿಯಬೇಕಲ್ಲ, ನೀನು ಹಿಮದಲ್ಲಿ ಬಾಗಿಲಿಂದ ಬಾಗಿಲಿಗೆ ಹೋದೆ. ನಿನಗೆ ಹನ್ನೊಂದು ತುಂಡು ಸಿಕ್ಕಿದವು ಅಂತ ನಿಮ್ಮಮ್ಮ ಸಾಯುವ ಮೊದಲು ಹೇಳಿದಳು. ಹನ್ನೆರಡನೆಯದು ಅವಳದ್ದೇ ಆಗಬೇಕಿತ್ತಂತೆ. ತನ್ನ ಮದುವೆಯ ಲಂಗದ ಅಂಚು ಕತ್ತರಿಸಿ ಇಟ್ಟಿದ್ದಳಂತೆ. ನಾನು ಬಾಗಿಲಲ್ಲೇ ಕೂತಿದ್ದೆ, ಅವಳು ದಾಟಲಿಲ್ಲ. ಉಳಿದ ಮನೆಗಳಿಗೆ ಕೊಡಬೇಡಿ ಅಂತ ನಾನೇ ಹೋಗಿ ಹೇಳಿ ಬಂದಿದ್ದೆ. ಇದು ನಿನಗೆ ಗೊತ್ತಿತ್ತೋ ಇಲ್ಲವೋ. ಈಗ ಗೊತ್ತಾಯಿತಲ್ಲ.

ಮೂವತ್ತೆಂಟನೇ ದಿನ ಮಗು ಸತ್ತಿತು.

ಗೋರಿಯ ಹತ್ತಿರ ನಾನು ಏನಂದೆ ಅಂತ ಊರಿಗೆಲ್ಲ ನೆನಪಿದೆ. ಒಂದೇ ರಕ್ತ ಎರಡು ಸಲ ಕಾಯಿಸಿದರೆ ಹಾಲು ಒಡೆದ ಹಾಗೆ ಒಡೆಯುತ್ತದೆ ಅಂದೆ. ಮಸಣದ ಗೋಡೆಯೊಳಗೆ ಬೇಡ ಅಂದೆ. ಗೋಡೆಯಾಚೆ ಮೂರು ಹೆಜ್ಜೆ ದೂರದಲ್ಲಿ ಅಗೆದರು. ಬೈಸಾಲ್ ಮತ್ತು ತೊಲೊನ್ ಇಬ್ಬರೇ ಅಗೆದರು. ನೆಲ ಕಬ್ಬಿಣವಾಗಿತ್ತು. ಟೈರು ಸುಟ್ಟು ಮಣ್ಣು ಮೆತ್ತಗೆ ಮಾಡಿಕೊಂಡರು. ಆ ಹೊಗೆ ನಮ್ಮ ಅಂಗಳದಿಂದ ಕಾಣುತ್ತಿತ್ತು.

ನೀನು ನನ್ನ ಮಾತು ನಂಬಿದೆ. ಏಪ್ರಿಲಿನಲ್ಲಿ "ನನ್ನ ರಕ್ತದಲ್ಲಿ ವಿಷ ಇದೆ" ಅಂತ ತೊಲೊನ್‌ಗೆ ಹೇಳಿ ತೊಕ್ಮೊಕ್ ಬಸ್ಸು ಹತ್ತಿದೆ. ಹೊಲಿಗೆ ಅಂಗಡಿ ಸೇರಿದೆ. ಅಲ್ಲೊಬ್ಬ ಒಳ್ಳೆಯವನು, ಹೆಂಡತಿ ಸತ್ತವನು, ಎರಡು ಸಲ ಕೇಳಿದಾಗಲೂ ಅದೇ ಮಾತು ಹೇಳಿ ಕಳಿಸಿದೆಯಂತೆ. ತೊಲೊನ್ ಮಾತ್ರ ಮದುವೆಯಾದ. ಮೂರು ಮಕ್ಕಳು, ಮೂರೂ ಕುದುರೆಮರಿ ಹಾಗಿವೆ. ಬರೆಯುತ್ತೇನೆ, ಯಾಕೆಂದರೆ ಇರುವುದನ್ನು ಬರೆಯಬೇಕು.

ಈಗ ಕಾಗದದ ಮಾತು. ರಷ್ಯದ ಜಾರ್ ದೊರೆಯ ಕಾಲದಲ್ಲಿ ಗುಮಾಸ್ತರು ತೆರಿಗೆಗಾಗಿ ನಮ್ಮ ಕಣಿವೆಯ ಮನೆ ಮನೆ ಎಣಿಸಿ ಪಟ್ಟಿ ಮಾಡಿದ್ದರಂತೆ. ನುರ್ಜಾತ್ ಬಿಷ್ಕೆಕ್‌ಗೆ ಪತ್ರ ಬರೆದು ಪ್ರತಿ ತರಿಸಿದಳು. ನಾಲ್ಕು ತಿಂಗಳು ಹಿಡಿಯಿತು. ಸೆಪ್ಟೆಂಬರಿನಲ್ಲಿ ಬಂತು. ನೀನೇ ಹುಡುಕಿಕೊಡು, ನನಗೆ ಕಣ್ಣು ಮಂಜು ಅಂದೆ. "ನಾನು ಹುಡುಕಿಕೊಟ್ರೆ ನನ್ನನ್ನ ನಂಬಿದ ಹಾಗಾಗುತ್ತೆ ತಾತ. ನೀವೇ ಹುಡುಕಿ," ಅಂತ ಭೂತಗನ್ನಡಿ ಕೊಟ್ಟಳು. ಸೈನ್ಯದಲ್ಲಿ ಕಲಿತ ರಷ್ಯನ್ ಅಕ್ಷರ, ಅದೂ ಯಾವನೋ ಗುಮಾಸ್ತನ ಕೋಳಿಗೆರೆ. ಬೆರಳಿಟ್ಟು ಒಂದೊಂದೇ ಸಾಲು ಇಳಿದೆ. ಎರಡು ಶನಿವಾರ ಬೇಕಾಯಿತು.

ಸಿಕ್ಕಿತು. ಬೊತೊಕಾನ್‌ಗೆ ಹುಟ್ಟಿದ ಮಗ ಒಬ್ಬನೇ. ಇನ್ನೊಬ್ಬನ ಹೆಸರಿನ ಮುಂದೆ, ಬರಗಾಲದಲ್ಲಿ ಕಾಶ್ಗರ್ ಕಡೆಯ ವ್ಯಾಪಾರಿಯಿಂದ ಗಬ್ಬದ ಕುದುರೆ ಕೊಟ್ಟು ಕೊಂಡ ಮಗು, ಮನೆಯಾಳಾಗಿ ಬೆಳೆಸಿದ್ದು, ಆಮೇಲೆ ಮಗನೆಂದು ಕರೆದದ್ದು, ಅಂತ ಬರೆದಿತ್ತು. ನಾನು ಪುಸ್ತಕ ಮುಚ್ಚಿದೆ. ಬೈಸಾಲ್ ಕೈ ಚಾಚಿ ಎಳೆದುಕೊಂಡ. ಓದಿದ. ಆಮೇಲೆ ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಆ ನೀರು ನಿಲ್ಲಲಿಲ್ಲ. "ಒರೊಜಾಲಿ, ಇದನ್ನ ನೀನೇ ಗಟ್ಟಿಯಾಗಿ ಓದು," ಅಂದ. ಇಪ್ಪತ್ತೇಳು ವರ್ಷದ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು. ನಾನು ಓದಲಿಲ್ಲ. ಹುಡುಗಿ ಓದಿದಳು. ಎಂಟೂ ಜನ ಕೇಳಿದರು.

"ಸರ್ಕಾರಿ ಕಾಗದ ಅಂದ ಮಾತ್ರಕ್ಕೆ ನಂಬಬೇಡಿ ತಾತ. ಗುಮಾಸ್ತನಿಗೆ ಯಾರೋ ಹೇಳಿರ್ತಾರೆ," ಅಂತ ಅವಳೇ ಅಂದಳು. ನನಗೆ ಜೀವ ಬಂದ ಹಾಗಾಯಿತು. ಮತ್ತೆ ಅವಳೇ ಇನ್ನೊಂದು ಪಟ್ಟಿ ತೆಗೆದಳು. ಇಪ್ಪತ್ತು ವರ್ಷ ಆಮೇಲಿನದು, ಬೇರೆ ಗುಮಾಸ್ತ, ಬೇರೆ ಕೈಬರಹ. ಅದೇ ಹೆಸರು, ಅದೇ ಮಾತು.

ಅಂದರೆ ನಿನ್ನದೂ ತೊಲೊನ್‌ದೂ ಒಂದೇ ರಕ್ತ ಅಲ್ಲ. ಯಾವತ್ತೂ ಆಗಿರಲಿಲ್ಲ. ಸಾಕುಮಗನ ಸಂತಾನಕ್ಕೆ ಏಳು ತಲೆಯ ಕಟ್ಟು ಇಲ್ಲವೆಂದು ಮುಲ್ಲಾನೂ ಹೇಳುತ್ತಾನೆ. ನಿಮ್ಮ ಮದುವೆ ಆಗಬಹುದಿತ್ತು. ಓಲೆ ಹಾಕಿಕೊಳ್ಳಬಹುದಿತ್ತು.

ಇದನ್ನು ಬರೆದುಕೊಡಿ ಅಂದಳು ಹುಡುಗಿ. ಬರೆದೆ. "ನನಗೆ ತಪ್ಪಾಗಿ ತಿಳಿದಿತ್ತು" ಅಂತ ಮುಗಿಸಿದೆ. ಅವಳು ಓದಿ, ಆ ಸಾಲಿನ ಕೆಳಗೆ ಸೀಸದಕಡ್ಡಿಯಲ್ಲಿ ಸಣ್ಣ ಗೆರೆ ಎಳೆದಳು.

"ತಪ್ಪಾಗಿ ತಿಳಿದಿತ್ತಾ ತಾತ, ತಿಳಿದೂ ಹೇಳಿದ್ರಾ?"

"ನಿನ್ನ ವಯಸ್ಸೆಷ್ಟೇ?" ಅಂದೆ.

"ಮೂವತ್ತೊಂದು."

"ನನ್ನ ಚಪ್ಪಲಿಗೆ ನಿನಗಿಂತ ಹೆಚ್ಚು ವಯಸ್ಸಾಗಿದೆ," ಅಂದು ಕಾಗದ ಹರಿದು ಎದ್ದುಬಂದೆ. ಮುಂದಿನ ಶನಿವಾರ ಹೋಗಲಿಲ್ಲ. ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಸೊಸೆ ಮೇಲಿನಿಂದ ಬಕೆಟ್ಟು ನೀರು ಬಿಟ್ಟುಕೊಂಡೇ ಬಂದಳು. ಅದರ ಮುಂದಿನ ಶನಿವಾರ ಹೋದೆ. ಹುಡುಗಿ ಹೊಸ ಹಾಳೆ ಇಟ್ಟಳು, ಚಹಾ ಇಟ್ಟಳು.

ತಿಳಿದೂ ಹೇಳಿದೆ.

ನಿನ್ನ ಅಜ್ಜ ಕೆರಿಮ್ ಸಾಯುವ ವರ್ಷ ದೊಡ್ಡಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೇಳಿದ್ದ: ಬೊತೊಕಾನ್‌ನ ಇಬ್ಬರು ಮಕ್ಕಳಲ್ಲಿ ಒಬ್ಬ ಕೊಂಡು ತಂದವನು, ಅವನು ಕಲ್ಮಿರ್ಜಾ, ಬೈಸಾಲ್‌ನ ವಂಶದ ಮೂಲ. ಇದನ್ನು ಮನಸ್ಸಿನಲ್ಲಿಟ್ಟುಕೋ, ನಾಲಿಗೆಗೆ ತರಬೇಡ. ಕೊಂಡು ತಂದವನ ಮೂಲ ಎತ್ತಿ ಆಡಿದ ನಾಲಿಗೆಗೆ ಹುಳ ಬೀಳುತ್ತದೆ ಅಂದ. ನಮ್ಮಲ್ಲಿ ಕೊಲೆಗೆ ಕ್ಷಮೆ ಉಂಟು, ಒಬ್ಬನನ್ನು ಆಳಿನ ಮೊಮ್ಮಗ ಅಂದದ್ದಕ್ಕೆ ಕ್ಷಮೆ ಇಲ್ಲ. ನಿನಗೂ ಗೊತ್ತು.

ಹಾಗಾದರೆ ನಾನೇನು ಮಾಡಬೇಕಿತ್ತು? ಬೈಸಾಲ್ ಓಲೆ ತಂದು ಕೂತಿದ್ದಾನೆ. ಆಳಿನ ವಂಶಕ್ಕೆ ನನ್ನ ಮಗಳನ್ನು ಕೊಡಲಾರೆ. ಆಳಿನ ವಂಶ ಅಂತ ಬಾಯಿಬಿಟ್ಟು ಹೇಳಲೂ ಆರೆ. ಒಂದೇ ರಕ್ತ ಅಂದರೆ ಯಾರಿಗೂ ಅವಮಾನವಿಲ್ಲ, ಬೈಸಾಲ್‌ಗೆ ಗೌರವವೇ. ಅವನ ಮರ್ಯಾದೆ ಉಳಿಸಿದೆ ಅಂತ ಆವತ್ತು ರಾತ್ರಿ ಹೊಟ್ಟೆತುಂಬ ಉಂಡು ಮಲಗಿದೆ. ಇಷ್ಟು ವರ್ಷವೂ ಹಾಗೇ ಅಂದುಕೊಂಡಿದ್ದೆ. ಬೈಸಾಲ್ ನನ್ನನ್ನು ಕಂಡು ಮುಖ ತಿರುಗಿಸಿದಾಗಲೆಲ್ಲ, ನಿನ್ನ ಮಾನ ನನ್ನ ಜೇಬಿನಲ್ಲಿದೆ ಕಣೋ, ಸುಮ್ಮನಿದ್ದೀನಿ ನೋಡು ಅಂತ ಒಳಗೊಳಗೇ ದೊಡ್ಡವನಾಗುತ್ತಿದ್ದೆ.

ನೀನು ಹೀಗೆ ಸೀದಾ ಅವನ ಮನೆಗೆ ನಡೆಯುತ್ತೀಯ ಅಂತ ನನಗೆ ಗೊತ್ತಿರಲಿಲ್ಲ. ಒಮ್ಮೆ ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಆಮೇಲೆ ಆದದ್ದೆಲ್ಲ ಆ ಮಾತನ್ನು ನಿಲ್ಲಿಸಿಕೊಳ್ಳಲು ಆದದ್ದು. ಬಟ್ಟೆ ತುಂಡು, ಗೋಡೆ, ಎಲ್ಲ.

ಈಗ ನಿನಗೂ ಒಂದು ಮಾತು. ನಾನು ಐದು ತರಗತಿ. ನೀನು ಹತ್ತು ಮುಗಿಸಿದವಳು, ಹೊಗಳಿಕೆಯ ಪತ್ರ ತಂದವಳು. ನಿನ್ನ ತಲೆಗೆ ಏನಾಗಿತ್ತು? "ನಿಮಗೆ ಯಾರು ಹೇಳಿದ್ದು? ನಿಮಗೆ ಹೇಗೆ ಗೊತ್ತು? ಇದರಿಂದ ನಿಮಗೇನು ಲಾಭ?" ಅಂತ ಒಂದು ಸಲ ನನ್ನ ಮುಖಕ್ಕೆ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ನನ್ನನ್ನು ಬೈದೆ, ನನ್ನ ಬಾಗಿಲಿಗೆ ಉಗಿದೆ, ಓಡಿಹೋದೆ, ಎಲ್ಲ ಮಾಡಿದೆ. ಕೇಳಲಿಲ್ಲ. ನನ್ನ ಮೇಲೆ ದ್ವೇಷ ಇಟ್ಟುಕೊಂಡೇ ನನ್ನ ಮಾತು ನಂಬಿದೆ. ಅಪ್ಪನನ್ನು ಬಿಟ್ಟವಳು ಅಪ್ಪನ ಮಾತನ್ನೂ ಬಿಡಬಾರದಿತ್ತೇ? ಇದನ್ನು ನುರ್ಜಾತ್‌ಗೆ ತೋರಿಸಿದಾಗ, "ತಾತ, ಇದನ್ನ ಹೊಡೆದು ಹಾಕಿ, ಇದು ಕ್ರೂರ," ಅಂದಳು. "ದಿಟವೋ ಸಟೆಯೋ?" ಅಂತ ಕೇಳಿದೆ. "ನಿಜಾನೇ ಇರಬಹುದು. ಆದ್ರೆ ಕೇಳೋದನ್ನ ಅವರಿಗೆ ಯಾರೂ ಕಲಿಸಿರಲಿಲ್ಲ. ಕೇಳಿದ್ರೆ ಹೊಡೀತಿದ್ರಲ್ಲ ನೀವು," ಅಂದಳು. ಹೊಡೆಯುತ್ತಿದ್ದೆ. ಆದರೂ ಹೊಡೆದು ಹಾಕಿಲ್ಲ, ಇರಲಿ.

ಇನ್ನೊಂದಿದೆ. ಲಕೋಟೆಯಲ್ಲಿ ಮಡಿಸಿದ ಹಳದಿ ಕಾಗದ ನೋಡು, ಮಡಿಕೆಯಲ್ಲಿ ಹರಿದಿದೆ, ಹುಷಾರಾಗಿ ಬಿಡಿಸು. ಜಿಲ್ಲಾಸ್ಪತ್ರೆಯ ವೈದ್ಯ ಮಗು ಸತ್ತ ದಿನ ಬರೆದದ್ದು. ನಿನಗೆ ಜ್ವರ, ಪ್ರಜ್ಞೆ ಇರಲಿಲ್ಲ. ತೊಲೊನ್ ಹೆಣ ಹಿಡಿದು ಕೂತಿದ್ದ. ಸುದ್ದಿ ಕೇಳಿ ನಾನೂ ಹೋಗಿದ್ದೆ, ಕಾಗದ ನನ್ನ ಕೈಗೆ ಕೊಟ್ಟರು. ಎರಡು ಕಡೆಯೂ ಶ್ವಾಸಕೋಶ ಕಟ್ಟಿತ್ತು, ಚಳಿಯಿಂದ ಬಂದ ಕಾಯಿಲೆ, ಎರಡು ದಿನ ಮುಂಚೆ ತಂದಿದ್ದರೆ ಉಳಿಯುತ್ತಿತ್ತು, ಹುಟ್ಟಿನಿಂದ ಬಂದ ದೋಷ ಏನೂ ಇಲ್ಲ ಅಂತ ಬರೆದಿದೆ. ಕೆಳಗೆ ಸಹಿ, ಮೊಹರು. ನಾನು ಓದಿದೆ. ಅಷ್ಟು ರಷ್ಯನ್ ನನಗೆ ಬರುತ್ತಿತ್ತು. ಹೊರಗೆ ಬಂದು, ವೈದ್ಯರಿಗೂ ಕಾಯಿಲೆಯ ಹೆಸರು ತಿಳಿಯಲಿಲ್ಲವಂತೆ ಅಂತ ಜನಕ್ಕೆ ಹೇಳಿದೆ. ಕಾಗದ ನನ್ನ ಟೋಪಿಯ ಒಳಹೊಲಿಗೆಯಲ್ಲಿ ಸೇರಿತು. ಸುಡಲಿಲ್ಲ. ಯಾಕೆ ಸುಡಲಿಲ್ಲ ಅಂತ ಹುಡುಗಿ ಕೇಳಿದಳು. ಗೊತ್ತಿಲ್ಲ.

ಎರಡು ದಿನ ಮುಂಚೆ ಯಾಕೆ ತರಲಿಲ್ಲ ಅಂದರೆ, ಊರಿನಲ್ಲಿ ಕಾರು ಇದ್ದದ್ದು ನಾಲ್ಕು ಮನೆಯಲ್ಲಿ. ಮಂಜು ಬಿದ್ದಿತ್ತು. ತೊಲೊನ್ ನಾಲ್ಕೂ ಬಾಗಿಲು ತಟ್ಟಿದ. ಒಂದು ಬಾಗಿಲು ನನ್ನದು.

ಈಗ ಕೆಲಸದ ಮಾತು. ಕೇಳಿಸಿಕೋ.

ಬೈಸಾಲ್ ಹೋದ ವಾರ ಊರಿಗೆ ಹೋಗಿ ಹಿರಿಯರ ಮುಂದೆ ಕೂತ. ಮಗುವನ್ನು ಗೋಡೆಯೊಳಗೆ ಸೇರಿಸಿ ಅಂದ. ಗೋರಿ ಅಗೆದು ಎತ್ತುವುದು ಬೇಡ, ಗೋಡೆಯನ್ನೇ ಗೋರಿಯಾಚೆಗೆ ಸರಿಸೋಣ, ಇಟ್ಟಿಗೆ ನಾನು ಕೊಡುತ್ತೇನೆ, ತೊಲೊನ್ ಕಟ್ಟುತ್ತಾನೆ ಅಂದ. "ಒರೊಜಾಲಿ ಬರೆದು ಸಹಿ ಹಾಕಿದ ಕಾಗದ ತಾ, ಗ್ರಂಥಾಲಯದ ಮೊಹರು ಇರಬೇಕು," ಅಂದರಂತೆ. ಆವತ್ತು ನನ್ನ ಬಾಯಿಮಾತು ಸಾಕಾಗಿತ್ತು, ಇವತ್ತು ಮೊಹರು ಬೇಕು. ನುರ್ಜಾತ್‌ಗೆ ಹೇಳಿದರೆ ತಲೆ ಚಚ್ಚಿಕೊಂಡಳು. "ಮೊಹರು ಅಂದ್ರೆ ನಿಜ ಅಂತಲ್ಲ ತಾತ, ಯಾವ ಕಪಾಟು ಅಂತ ಅಷ್ಟೇ. ಪಟ್ಟಿ ತಗೊಂಡು ನಾನೇ ಬಂದು ಓದಿಸ್ತೀನಿ," ಅಂದಳು. ಬರಲಿ. ಆದರೂ ಅವರಿಗೆ ಮೊಹರು ಬೇಕು.

ಆ ಮೊಹರು ಬೀಳಬೇಕಾದರೆ ನಿನ್ನ ಸಹಿ ಬೇಕು. ಬರಹದಲ್ಲಿ ಹೆಸರು ಬರುವ, ಬದುಕಿರುವ ಪ್ರತಿಯೊಬ್ಬರೂ ಒಪ್ಪಬೇಕು ಅಂತ ಗ್ರಂಥಾಲಯದ ನಿಯಮ. ಬೈಸಾಲ್ ಹಾಕಿದ. ತೊಲೊನ್ ಹಾಕಿದ, ಓದಿ ಹಾಕಿದ. ನಿನ್ನದೊಂದು ಉಳಿದಿದೆ. ಒಪ್ಪಿಗೆಯ ಹಾಳೆ, ನಾನು ಬರೆದದ್ದರ ಪ್ರತಿ, ಎರಡೂ ಲಕೋಟೆಯಲ್ಲಿವೆ. ನಿನ್ನ ಸಹಿ ಇಲ್ಲದಿದ್ದರೆ ಕಪಾಟಿಲ್ಲ, ಕಪಾಟಿಲ್ಲದಿದ್ದರೆ ಮೊಹರಿಲ್ಲ, ಮೊಹರಿಲ್ಲದಿದ್ದರೆ ಗೋಡೆ ಸರಿಯುವುದಿಲ್ಲ. ನವೆಂಬರ್ ನಡುವಿಗೆ ನೆಲ ಹೆಪ್ಪುಗಟ್ಟತೊಡಗುತ್ತದೆ, ಗುದ್ದಲಿ ಇಳಿಯದು. ಆಮೇಲೆ ಏಪ್ರಿಲ್. ಬೈಸಾಲ್ ಏಪ್ರಿಲ್ ನೋಡುವವನಲ್ಲ, ಅವನ ಕೆಮ್ಮು ನನಗೆ ಗೊತ್ತು.

ನಿನಗೆ ಬೇಡ ಅನ್ನಿಸಿದರೆ ಬೇಡ ಅಂತ ಬರೆ. ಇಪ್ಪತ್ತಾರು ವರ್ಷ ಹೊರಗಿದ್ದ ಮಗು ಈ ಜನರ ಮಧ್ಯೆ ಯಾಕೆ ಮಲಗಬೇಕು ಅಂತ ನೀನು ಅಂದರೆ ನಾನು ತಪ್ಪು ಅನ್ನುವುದಿಲ್ಲ. ನಾಳೆ ನನ್ನನ್ನೂ ಆ ಗೋಡೆಯೊಳಗೇ ಹೂಳುತ್ತಾರೆ, ಅದನ್ನೂ ಲೆಕ್ಕಕ್ಕೆ ತೆಗೆದುಕೋ. ಆದರೆ ಹೌದೋ ಅಲ್ಲವೋ, ಒಂದು ಹೇಳು.

ಕ್ಷಮೆ ಕೇಳು ಅಂತ ನಿನ್ನ ತಮ್ಮ ಪಕ್ಕದಲ್ಲಿ ನಿಂತು ಹೇಳುತ್ತಿದ್ದಾನೆ. ಕೇಳುವುದಿಲ್ಲ. ಕೇಳಿದರೆ ಕೊಡುವುದೋ ಬಿಡುವುದೋ ಅನ್ನುವ ಕೆಲಸವೂ ನಿನ್ನ ತಲೆಗೆ ಬೀಳುತ್ತದೆ. ನಿನ್ನ ತಲೆಗೆ ನಾನು ಹಾಕಿದ್ದು ಸಾಕು.

ನಿನ್ನನ್ನು ಹುಟ್ಟಿಸಿದವನು,
ಕೆರಿಮ್‌ನ ಮಗ ಒರೊಜಾಲಿ

ಮರೆತ ಮಾತು: ಮರೆತಿರಲಿಲ್ಲ. ಮೇಲೆ ಬರೆಯದೆ ದಾಟಿಸಿದ್ದೆ. "ಪಟ್ಟಿಯ ಪ್ರಕಾರ ಕೊಂಡು ತಂದವನು ಯಾರು ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲವಲ್ಲ ತಾತ," ಅಂತ ಹುಡುಗಿ ಲಕೋಟೆ ವಾಪಸ್ ಕೊಟ್ಟಳು. ಸರಿ. ಎರಡು ಪಟ್ಟಿಯಲ್ಲೂ ಕಲ್ಮಿರ್ಜಾ ಬೊತೊಕಾನ್‌ಗೆ ಹುಟ್ಟಿದ ಮಗ. ಗಬ್ಬದ ಕುದುರೆ ಕೊಟ್ಟು ಕೊಂಡದ್ದು ಚೊರ್ಮೊನನ್ನು. ನಮ್ಮ ಚೊರ್ಮೊ. ಆಳಿನ ವಂಶ ನನ್ನದು, ನಿನ್ನದು. ನನ್ನಪ್ಪ ತಿರುಗಿಸಿ ಹೇಳಿದ್ದ, ಅಥವಾ ಅವನಿಗೆ ಅವನಪ್ಪ ತಿರುಗಿಸಿ ಹೇಳಿದ್ದ. ನಾನು ಯಾರನ್ನೂ ಕೇಳಲಿಲ್ಲ.

ಬೈಸಾಲ್‌ಗೆ ಗೊತ್ತಿತ್ತು. ಅವನಪ್ಪ ಅವನಿಗೆ ಸರಿಯಾಗಿ ಹೇಳಿದ್ದ. ಓಲೆ ತಂದ ದಿನ ಬಾಯಿ ತೆರೆದದ್ದು ಅದನ್ನು ಹೇಳಲು. ಮೊನ್ನೆ ಕೇಳಿದೆ, ಯಾಕೋ ಮುಚ್ಚಿದೆ ಅಂತ. "ನಿನ್ನ ಮನೆಯಲ್ಲಿ, ನಿನ್ನ ಜಮಖಾನೆ ಮೇಲೆ, ಮೂವತ್ತು ಜನರ ಮುಂದೆ ನಿನ್ನನ್ನ ಆಳಿನ ಮೊಮ್ಮಗ ಅನ್ನಲಾ? ನಿನ್ನ ಮರ್ಯಾದೆ ಉಳಿಸಿದೆ ಕಣೋ," ಅಂದ. ಗುಂಡಿ ತೋಡುವಾಗಲೂ ಹೇಳಲಿಲ್ಲ. ಟೈರು ಸುಡುವಾಗಲೂ ಹೇಳಲಿಲ್ಲ. ನಾನು ಅವನ ಮರ್ಯಾದೆ ಉಳಿಸಿದೆ, ಅವನು ನನ್ನದು ಉಳಿಸಿದ. ಕುಬಾತ್ ಗೋಡೆಯಾಚೆ ಹೋದ.

ಆ ಹೆಸರು ನಾನು ಬರೆದದ್ದು ಇದೇ ಮೊದಲು. ಅಕ್ಷರ ಸರಿಯಿದೆಯಾ ನೋಡು, ಗೋರಿಯ ಕಲ್ಲಿಗೆ ಬೇಕು.

ನವೆಂಬರ್ ಐದರೊಳಗೆ ಉತ್ತರ ನನ್ನ ಕೈ ಸೇರಬೇಕು.